ದಕ್ಷಿಣಕ್ಕಿರುವ ಉತ್ತರಗುಡ್ಡ

ನಮ್ಮ ಮುದೇನಹಾಳಕ್ಕೆ ಹೊಸದಾಗಿ ಬಂದವರು ಉತ್ತರಗುಡ್ಡದ ಹೆಸರು ಕೇಳಿ ಹುಬ್ಬೇರಿಸುತ್ತಾರೆ. ಗುಡ್ಡವಿರುವುದು ಊರಿನ ದಕ್ಷಿಣಕ್ಕೆ. ಈ ಊರವರಿಗೆ ದಿಕ್ಕುದೆಸೆ ತಿಳಿಯದೇ ಎಂದು ಕೆಲವರು ನಗುವುದೂ ಉಂಟು. ನಗಲಿ, ನಮಗೇನೂ ಬೇಸರವಿಲ್ಲ. ಆ ಬೋಳುಬಂಡೆಯ ಗುಡ್ಡದ ಬುಡದಲ್ಲಿ ಹುಟ್ಟುವ ಹಳ್ಳ ಊರನ್ನು ಬಳಸಿ ಹೊಳೆಯ ಕಡೆ ಹೋಗುತ್ತದೆ. ಗುಡ್ಡದ ಹೆಸರೂ ಆ ಹಳ್ಳದಿಂದಲೇ ಹುಟ್ಟಿತು ಎನ್ನುತ್ತಾರೆ.

ಹಿಂದೆ ಒಮ್ಮೆ, ಇಲ್ಲಿ ಹೈಸ್ಕೂಲು ಹೊಸದಾಗಿ ತೆರೆದಿದ್ದ ಕಾಲದಲ್ಲಿ, ಭೂಗೋಳ ಕಲಿಸಲು ನೀಲಾಂಬಿಕೆ ಎಂಬ ಅಕ್ಕೋರು ಬಂದರು. ಗೋಡೆಯ ನಕಾಶೆಯಲ್ಲಿ ಉತ್ತರ ಮೇಲಿತ್ತು, ದಕ್ಷಿಣ ಕೆಳಗಿತ್ತು. ಅದನ್ನೇ ನೋಡಿ ನೋಡಿ ಮಕ್ಕಳು, ನಮ್ಮ ಹಳ್ಳ ದಕ್ಷಿಣಕ್ಕೆ ಹರಿಯುತ್ತದೆ ಎಂದು ಬರೆದರಂತೆ. ನೀರು ಮೇಲಕ್ಕೆ ಹರಿಯುವುದುಂಟೇ ಎಂಬುದು ಅವರ ವಾದ. ಅಕ್ಕೋರು ಬೈಯಲಿಲ್ಲ. ನಕಾಶೆಯನ್ನು ಮೊಳೆಯಿಂದ ಇಳಿಸಿ ಸುತ್ತಿಕೊಂಡು ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದರು. ಅಂದಿನಿಂದ ಭೂಗೋಳದ ಪಾಠ ಬಂಡೆಯ ಮೇಲೆಯೇ ನಡೆಯಿತು. ಓದಲು ಕಳಿಸಿದ ಮಕ್ಕಳು ಆಡು ಕಾಯುವವರಂತೆ ಅಲೆಯುತ್ತಿದ್ದಾರೆಂದು ಊರಲ್ಲಿ ಗುಸುಗುಸು ಎದ್ದಿತು. ಕೊನೆಗೆ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಾದ ವಿರುಪನಗೌಡರು ಮಕ್ಕಳು ಗುಡ್ಡಕ್ಕೆ ಹೊರಡುವ ಮೊದಲೇ ತಾವೇ ತರಗತಿಗೆ ಬಂದು, ನಕಾಶೆಯನ್ನು ಮತ್ತೆ ಗೋಡೆಗೆ ತೂಗುಹಾಕಿಸಿ, ಹಳ್ಳ ಹರಿಯುವ ದಿಕ್ಕು ಯಾವುದೆಂದು ಕೇಳಿದರು. ಉತ್ತರಕ್ಕೆ ಎಂದಳು ಕಾಶವ್ವ ಎಂಬ ಹುಡುಗಿ. ಹೊಲದಲ್ಲಿ ನಿಂತರೆ ಎಂದೂ ದಿಕ್ಕು ತಪ್ಪದ ಗೌಡರು ನಕಾಶೆಯ ಮುಂದೆ ನಿಂತು ತಪ್ಪಿದರು.

“ಉತ್ತರ ಮ್ಯಾಲ ಐತಿ ತಂಗಿ. ನೀರು ಗ್ವಾಡಿ ಹತ್ತತೈತೇನು?” ಎಂದು ನಕ್ಕು, “ಅಕ್ಕೋರ, ನಾಳಿಂದ ಬಾಗಲಾ ಹಾಕ್ಕೊಂಡು ಪಾಠಾ ಮಾಡ್ರಿ” ಎಂದರು.

ಅಕ್ಕೋರ ಕಣ್ಣು ತುಂಬಿ ಬಂತು. ಕಾಶವ್ವ ಮಾತ್ರ ಕೂರಲಿಲ್ಲ. “ಗೌಡ್ರ, ನಾಳೆ ಹೊತ್ತು ಹುಟ್ಟೂದ್ರಾಗ ಗುಡ್ಡಕ್ಕ ಬರ್ರಿ. ನಂದು ತಪ್ಪಾದ್ರ ನಾವ್ಯಾರೂ ಗುಡ್ಡಾ ಹತ್ತೂದಿಲ್ಲ.”

ಮರುದಿನ ಗೌಡರು ಏದುಸಿರು ಬಿಡುತ್ತ ಹತ್ತಿದರು. ಹಿಂದೆ ಅರ್ಧ ಊರೇ ಹತ್ತಿತು. ಕಾಶವ್ವ ಅವರನ್ನು ಹುಟ್ಟುವ ಸೂರ್ಯನಿಗೆ ಮುಖಮಾಡಿ ನಿಲ್ಲಿಸಿ, ಎಡಗೈ ಚಾಚಲು ಹೇಳಿದಳು. ಆ ಕೈ ತೋರಿದ ಕಡೆಗೇ ಹಳ್ಳ ಮಿನುಗುತ್ತ ಇಳಿದು ಹೋಗುತ್ತಿತ್ತು. ಅವಳು ನಕಾಶೆಯನ್ನು ಬಂಡೆಯ ಮೇಲೆ ಹಾಸಿ, ಅದರ ಮೇಲಂಚನ್ನು ಅದೇ ಕಡೆಗೆ ತಿರುಗಿಸಿದಳು. ಗೋಡೆಯಲ್ಲಿ ‘ಮೇಲೆ’ ಆಗಿದ್ದದ್ದು ನೆಲಕ್ಕೆ ಬಂದೊಡನೆ ಹಳ್ಳ ಹೋದ ಕಡೆ ನೋಡುವವರಿಗೆ ‘ಮುಂದೆ’ ಆಯಿತು. ಗೌಡರು ಕೈಯನ್ನು ನೋಡಿದರು, ಹಳ್ಳವನ್ನು ನೋಡಿದರು, ನಕಾಶೆಯನ್ನು ನೋಡಿದರು. ಆಮೇಲೆ ಊರಿಗೆ ಊರೇ ಕೇಳುವಂತೆ “ಉತ್ತರಾ! ಉತ್ತರಾ ಸಿಕ್ತೋ!” ಎಂದು ಕೂಗಿದರಂತೆ. ಅವರು ಕೂಗಿದ್ದು ದಿಕ್ಕನ್ನೋ, ತಮ್ಮ ಪ್ರಶ್ನೆಗೆ ಸಿಕ್ಕ ಉತ್ತರವನ್ನೋ ಎಂದು ನಮ್ಮಲ್ಲಿ ಈಗಲೂ ವಾದ ನಡೆಯುತ್ತದೆ. ಗುಡ್ಡಕ್ಕಂತೂ ಅಂದೇ ಹೆಸರು ಬಿತ್ತು. ಅಕ್ಕೋರು ಕೊನೆಯವರೆಗೂ ಅಲ್ಲಿಯೇ ಪಾಠ ಮಾಡಿದರು.

ಇಂದಿಗೂ ಶಾಲೆಗೆ ಹೊಸ ಅಧ್ಯಕ್ಷರು ಬಂದರೆ ಮೊದಲು ಗುಡ್ಡ ಹತ್ತಬೇಕು. ಬೆಳಗಿನ ಬಿಸಿಲಿಗೆ ಎದುರಾಗಿ, ಎಡಗೈ ಚಾಚಿ ನಿಂತ ದೊಡ್ಡ ಮನುಷ್ಯರನ್ನೂ, ಅವರ ಸುತ್ತ ನೆರೆದ ಮಕ್ಕಳನ್ನೂ ನೋಡುಗರು ಕಾಣಬಹುದು. ಕೈ ಸರಿಯಾದ ಕಡೆ ಚಾಚಿದರೆ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರೆ: “ಪಾಸ್ ಆದ್ರಿ, ಕುಂದರ್ರಿ!”