ಮಡಿಕೆಯೊಳಗಿನ ಕೂಸು

ಕೊಪ್ಪಳದ ಹತ್ತಿರ ಒಂದು ಲೇಔಟಿಗೆ ನೆಲ ಅಗೆಯುತ್ತಿದ್ದರು. ಅದು ಹಿಂದಿನ ಕಾಲದವರ ಗೋರಿಗಳಿದ್ದ ಜಾಗ. ಹಾಗಾಗಿ ಪುರಾತತ್ವ ಇಲಾಖೆಯ ಮೇಡಂ ಒಬ್ಬರು ಅಲ್ಲೇ ನಿಂತು ನೋಡಿಕೊಳ್ಳುತ್ತಿದ್ದರು. ಅವರು ಊಟಕ್ಕೆ ಹೋದಾಗಲೇ ದೊಡ್ಡದೊಂದು ಮಡಿಕೆ ಸಿಕ್ಕಿತು. ಒಳಗೆ ಕೂಸಿನ ಎಲುಬು.

"ಮೇಡಂ ನೋಡಿದ್ರ ಕೆಲಸ ನಿಂದ್ರಸ್ತಾಳ, ಆಕಿ ಬರೋದ್ರಾಗ ಮಣ್ಣು ಮುಚ್ರಿ. ಇಲ್ಲಾಂದ್ರ ಎಲ್ಲಾರೂ ಮನೀಗೆ ನಡೀರಿ," ಎಂದು ಗುತ್ತಿಗೆದಾರ ವಿರೂಪಣ್ಣ ಗದರಿದ.

ಕೂಲಿಯವಳಾದ ಹುಲಿಗೆವ್ವ ಎದುರಾಡಲಿಲ್ಲ. ತಲೆಗೆ ಸೆರಗು ಹೊದ್ದು ಮಡಿಕೆಯ ಪಕ್ಕ ಕುಳಿತು, "ಯಾರ ಮಡಿಲ ಕಂದಾ ನೀನು" ಎಂದು ಹಾಡಿಕೊಂಡು ಅಳತೊಡಗಿದಳು. ಹೆಣದ ಮುಂದೆ ಅಳು ಎದ್ದ ಮೇಲೆ ಕೆಲಸ ಮಾಡುವವರು ಯಾರು? ಆಳುಗಳೆಲ್ಲ ಗುದ್ದಲಿ ಕೆಳಗಿಟ್ಟರು.

"ಏ, ಅದು ಸತ್ತು ಮೂರು ಸಾವಿರ ವರ್ಷ ಆತು!"

"ಹೌದ್ರಿ ಯಪ್ಪಾ. ಅದಕ್ಕ ಅಳಾಕ ತನ್ನವರು ಯಾರೂ ಉಳದಿಲ್ಲ. ನೀವೂ ಕುಂದರ್ರಿ."

ವಿರೂಪಣ್ಣ ಸುತ್ತ ನೋಡಿದ. ಎಲ್ಲರೂ ಅವನ ಚಪ್ಪಲಿಯನ್ನೇ ನೋಡುತ್ತಿದ್ದರು. ಗೊಣಗುತ್ತ ಚಪ್ಪಲಿ ಬಿಟ್ಟು ಕುಳಿತ.

ಮೇಡಂ ಬಂದು ಮಡಿಕೆಯನ್ನು ಜೋಪಾನವಾಗಿ ಎತ್ತಿಸಿದರು. "ಕೂಸಿಗೆ ಇನ್ನೇನೂ ಆಗಲ್ಲ, ಏಳವ್ವಾ," ಎಂದರು.

ಹುಲಿಗೆವ್ವ ಏಳಲಿಲ್ಲ. "ನನ್ನ ಮಗ ಹೋದಾಗ ಅವತ್ತೇ ಕೆಲಸಕ್ಕ ಕರದಿದ್ರು. ಅಳಾಕ ಬಿಡಲಿಲ್ರಿ. ಇನ್ನೊಂದೀಟು ಕುಂದರ್ತೀನಿ."

ವಿರೂಪಣ್ಣನೂ ಬಿಟ್ಟ ಚಪ್ಪಲಿ ಮೆಟ್ಟದೆ ಅಲ್ಲೇ ಕುಳಿತಿದ್ದ.