ಗುಂಡು ಏಳದ ಮೂಲೆ

“ಗುರುಗಳೇ, ಎಷ್ಟು ಬೈದರೂ ತಿರುಗಿ ಮಾತಾಡದವರು ತಿದ್ದಿಕೊಂಡರು ಎಂದು ತಿಳಿಯಬಹುದೇ?” ಎಂದು ಶಿಷ್ಯೆಯೊಬ್ಬಳು ಕೇಳಿದಳು.

“ಯಾರ ವಿಷಯ ಇದು?”

“ನನ್ನ ಮಗಳದು. ಮೊದಲು ನಾನು ಹತ್ತು ಮಾತು ಅಂದರೆ ಅವಳು ತಿರುಗಿ ಎಂಟು ಅನ್ನುತ್ತಿದ್ದಳು. ಈಗ ತಲೆ ತಗ್ಗಿಸಿ ಕೇಳಿಸಿಕೊಂಡು ಹೋಗುತ್ತಾಳೆ. ಅಂತೂ ನಿನ್ನ ನಾಲಿಗೆ ಒಬ್ಬರನ್ನಾದರೂ ಪಳಗಿಸಿತು ಎಂದು ನಮ್ಮತ್ತೆ ನಗುತ್ತಾರೆ. ನನಗೆ ಮಾತ್ರ ಊಟ ಸೇರುತ್ತಿಲ್ಲ.”

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯ ಮನೆಗೆ ಮರದ ಹಲಗೆಯ ಮೇಲೆ ಗಾರೆ ಹಾಕಿದ ಮಾಳಿಗೆಯಿತ್ತು. ಮಧ್ಯಾಹ್ನವಾದರೆ ಅವನ ಮಕ್ಕಳು ಮಾಳಿಗೆ ಹತ್ತಿ ಕಲ್ಲಿನ ಗುಂಡು ಪುಟಿಸುತ್ತಿದ್ದರು. ಹೆಗಲ ಎತ್ತರದಿಂದ ಗುಂಡು ಬಿಡಬೇಕು. ಯಾರದು ಹೆಚ್ಚು ಮೇಲೇಳುತ್ತದೋ ಅವರು ಗೆದ್ದರು. ಬಿಟ್ಟಷ್ಟು ಎತ್ತರಕ್ಕೆ ಯಾವ ಗುಂಡೂ ಏಳುತ್ತಿರಲಿಲ್ಲ. ಮೊಣಕಾಲಿನವರೆಗೆ ಎದ್ದದ್ದೇ ಹೆಚ್ಚು. ಉಳಿದ ಪೆಟ್ಟು ಮಾಳಿಗೆಯ ಪಾಲು.

ಕೆಳಗೆ ತೊಟ್ಟಿಲಲ್ಲಿ ಕೂಸಿತ್ತು. ಟಕ್ ಟಕ್ ಸದ್ದಿಗೆ ಅದು ಬೆಚ್ಚಿ ಬೆಚ್ಚಿ ಅಳುತ್ತಿತ್ತು. ವ್ಯಾಪಾರಿ ಅಂಗಳದಲ್ಲಿ ನಿಂತು ಗದರಿದ.

“ಅಪ್ಪಾ, ಈ ಮೂಲೆಯಲ್ಲಿ ಗುಂಡು ಏಳುವುದೇ ಇಲ್ಲ. ಸದ್ದೂ ಇಲ್ಲ. ಇಲ್ಲಿ ಆಟಕ್ಕೆ ರುಚಿಯೇ ಇಲ್ಲ,” ಎಂದು ಮಗ ಮೇಲಿಂದ ಕೂಗಿದ.

“ಹಾಗಾದರೆ ಅಲ್ಲೇ ಆಡಿ!”

ಮನೆ ಶಾಂತವಾಯಿತು. ಮಕ್ಕಳು ಮರೆತು ಬೇರೆಡೆ ಆಡಿದರೂ ಸದ್ದು ತಟ್ಟದ ಜಾಗ ಅದೊಂದೇ ಎಂದು ವ್ಯಾಪಾರಿ ತೊಟ್ಟಿಲನ್ನೂ ಅದೇ ಮೂಲೆಯ ಕೆಳಗೆ ಕಟ್ಟಿಸಿದ. ಕೂಸು ಚೆನ್ನಾಗಿ ಮಲಗಿತು.

ಸ್ವಲ್ಪ ದಿನಕ್ಕೆ ಕೂಸಿನ ಹಣೆಯ ಮೇಲೆ ಹುಡಿ ಬೀಳತೊಡಗಿತು. ಹೆಂಡತಿ ಒರೆಸಿದಳು. ಮತ್ತೆ ಬಿತ್ತು.

“ರೀ, ಸದ್ದು ನುಂಗುವ ಈ ಮೂಲೆ ಇನ್ನೇನೇನು ನುಂಗುತ್ತಿದೆಯೋ, ಒಮ್ಮೆ ಹತ್ತಿ ನೋಡಬಾರದೇ?”

“ಈ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಅದೊಂದೇ. ಅದರ ಮೇಲೂ ನಿನ್ನ ದೂರೇ?”

ಅವಳಿಗೆ ಸಿಟ್ಟು ಬಂತು. ಆದರೂ ಹತ್ತಿ ನೋಡಲಿಲ್ಲ. ಕೂಸು ಹೇಗೂ ಮಲಗುತ್ತಿತ್ತಲ್ಲ. ದಿನವೂ ಹುಡಿ ಒರೆಸಿದಳು.

ಒಂದು ಮಧ್ಯಾಹ್ನ ಅವಳು ಒಲೆಯ ಮುಂದಿಂದ ಎದ್ದು ಬಂದು ತೊಟ್ಟಿಲಿಗೆ ಬಗ್ಗಿದಳು. ಕೂಸಿನ ಕಿವಿಯ ಪಕ್ಕದಲ್ಲಿ ಕಲ್ಲಿನ ಗುಂಡು ಬಿದ್ದಿತ್ತು. ಅದು ಬಿದ್ದ ಸದ್ದು ಯಾರಿಗೂ ಕೇಳಿಸಿರಲಿಲ್ಲ. ತಲೆ ಎತ್ತಿದಳು. ಗೆದ್ದಲು ತಿಂದ ಹಲಗೆಯ ಸಂದಿಯಲ್ಲಿ ಆಕಾಶ ಕಂಡಿತು. ಕಳೆದ ಗುಂಡು ಹುಡುಕಿಕೊಂಡು ಮಕ್ಕಳೆಲ್ಲ ಆ ಸಂದಿಯತ್ತಲೇ ಓಡಿ ಬರುವ ಹೆಜ್ಜೆ ಸದ್ದು ಕೇಳಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಮುಂದೆ ಬಾಗಿದಳು.

“ಆಮೇಲೆ? ಕೂಸು ಉಳಿಯಿತೇ?”

“ಮನೆಗೆ ಹೋಗಿ ನಿನ್ನ ಮಗಳನ್ನು ನೋಡು,” ಎಂದರು ಗುರುಗಳು.