ಹೆಪ್ಪು ಕೊಡದ ಕೇರಿ

"ಗುರುಗಳೇ, ಸಂಸತ್ತಿನ ಸಮಿತಿ ಕುರ್ಚಿ ಹಾಕಿ ಕೂರಿಸಿ ಸಾಕ್ಷಿ ಕೇಳಿದ್ದು ನನ್ನ ಜೊತೆ ಕೆಲಸಕ್ಕಿದ್ದ ಹೊನ್ನಯ್ಯನನ್ನು. ಪತ್ರಿಕೆಯಲ್ಲಿ ಫೋಟೋ ಬಂದದ್ದು ಅವನದು. ಈಗ ಕೆಲಸ ಹೋಯಿತು, ಮನೆ ಬಿಡಿಸಿದರು ಅಂತ ನನ್ನ ಬಾಗಿಲಿಗೆ ಬಂದು ನಿಂತಿದ್ದಾನೆ. ಸಾಕ್ಷಿಯನ್ನು ಕಾಯಲು ಕಾನೂನಿದೆಯಲ್ಲ? ನಾನೇಕೆ ಕಾಯಬೇಕು?" ಎಂದು ಶಿಷ್ಯ ಸಂಕಣ್ಣ ಕೇಳಿದ.

"ಅವನು ಹೇಳಿದ್ದು ಸುಳ್ಳೇ?"

"ನಿಜವೇ. ಅವನಿಗಿಂತ ಮೊದಲೇ ನನಗೆ ಗೊತ್ತಿತ್ತು!"

ಗುರುಗಳು ಅವನ ಮುಖ ನೋಡಿ ಕತೆ ಹೇಳಿದರು.

ಒಂದು ಊರಿನಲ್ಲಿ ಬಣ್ಣಗಾರರ ಕೇರಿ ಇತ್ತು. ಬಟ್ಟೆಗೆ ನೀಲಿ ಹಾಕುವುದು ಅವರ ಕಸುಬು. ನೀಲಿಯ ಹಂಡೆ ಮೊಸರಿನ ಹಾಗೆ. ಜೀವವಿರುವ ಹಂಡೆಯಿಂದ ಒಂದು ಚೆಂಬು ತಂದು ಸುರಿದರೆ ಮಾತ್ರ ಸತ್ತ ಹಂಡೆ ಮತ್ತೆ ಹುಳಿಯುತ್ತದೆ. ಅದಕ್ಕೆ ಹೆಪ್ಪು ಎನ್ನುತ್ತಿದ್ದರು. ಹೆಪ್ಪು ಕೇಳಿ ಬಂದವನಿಗೆ ಇಲ್ಲವೆನ್ನುವ ಪದ್ಧತಿ ಅಲ್ಲಿರಲಿಲ್ಲ. ಬಂದವನು ಹಗೆಯಾದರೂ ಸರಿ.

ನೀಲಿಯ ಹಂಡೆಗೆ ಸುಣ್ಣವೂ ಬೇಕು. ಆ ಕೇರಿಗೆ ಅದನ್ನು ಮಾರುವವನು ಒಬ್ಬನೇ ವ್ಯಾಪಾರಿ. ತೂಕ ಹೆಚ್ಚಲೆಂದು ಸುಣ್ಣಕ್ಕೆ ವಿಷದ ಪುಡಿ ಬೆರೆಸುತ್ತಿದ್ದ. ಎಲ್ಲರ ಕೈಯೂ ಹುಣ್ಣಾಯಿತು. ರಾಜ್ಯದ ದೊಡ್ಡ ಸಭೆಯ ಸಮಿತಿಯೊಂದು ವಿಚಾರಣೆಗೆ ಬಂತು. ಒಬ್ಬ ಬಣ್ಣಗಾರನನ್ನು ಕುರ್ಚಿಯಲ್ಲಿ ಕೂರಿಸಿತು. ಅವನು ಕೈ ಚಾಚಿ ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸಾಕ್ಷಿಯ ಮೈ ಮುಟ್ಟಿದವನಿಗೆ ಸೆರೆಮನೆ ಎಂದು ಸಾರಿ ಸಮಿತಿ ಹೊರಟುಹೋಯಿತು.

ವ್ಯಾಪಾರಿ ಸಾಕ್ಷಿಯನ್ನು ಮುಟ್ಟಲಿಲ್ಲ. ಪಕ್ಕದ ಮನೆಯ ಬಣ್ಣಗಾರನ ಜಗಲಿಯಲ್ಲಿ ಕುಳಿತು, "ಅಯ್ಯೋ, ನಿನ್ನ ಕೈ ಅವನ ಕೈಗಿಂತ ಕೊಳೆತಿದೆಯಲ್ಲಯ್ಯಾ. ಸಮಿತಿಯವರ ಕಣ್ಣಿಗೆ ನೀನು ಬೀಳಲಿಲ್ಲವೇ?" ಎಂದ. ಅಷ್ಟೇ ಹೇಳಿ ಎದ್ದುಹೋದ.

ಆ ಮಾತು ಪಕ್ಕದ ಮನೆಯವನ ಹೊಟ್ಟೆಯಲ್ಲಿ ಕುಳಿತಿತು. ಹುಣ್ಣು ಉರಿದಾಗಲೆಲ್ಲ ಅವನಿಗೆ ಸುಣ್ಣ ನೆನಪಾಗಲಿಲ್ಲ, ಕುರ್ಚಿ ನೆನಪಾಯಿತು.

ಕೆಟ್ಟ ಸುಣ್ಣಕ್ಕೆ ಸಾಕ್ಷಿಯ ಹಂಡೆ ಸತ್ತಿತು. ಅವನು ಚೆಂಬು ಹಿಡಿದು ಪಕ್ಕದ ಮನೆಗೆ ಬಂದ.

"ಬಾರಪ್ಪ ಕುರ್ಚಿಯವನೇ! ನಮ್ಮ ಹೆಪ್ಪು ನಿನಗೆ ಯಾಕೆ? ಸಮಿತಿಯವರನ್ನೇ ಕೇಳು, ಅವರ ಹಂಡೆಯಲ್ಲಿ ಬೇಕಾದಷ್ಟಿರುತ್ತದೆ!"

"ಅಣ್ಣಾ, ನಾನು ತೋರಿಸಿದ್ದು ನನ್ನ ಕೈಯೊಂದನ್ನೇ ಅಲ್ಲ."

"ಕೂತದ್ದು ಮಾತ್ರ ನೀನೊಬ್ಬನೇ."

ಕೇರಿ ನಕ್ಕಿತು. ಉಳಿದ ಮನೆಗಳೂ ಅದೇ ಮಾತು ಹೇಳಿದವು. ಒಂದು ಹನಿ ಹೆಪ್ಪು ಸಿಗಲಿಲ್ಲ. ಸಾಕ್ಷಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಅವನ ಮೈಯನ್ನು ಯಾರೂ ಮುಟ್ಟಿರಲಿಲ್ಲ. ಕಾನೂನು ಸಂಪೂರ್ಣವಾಗಿ ಪಾಲನೆಯಾಗಿತ್ತು.

ವ್ಯಾಪಾರಿ ವಿಷವನ್ನು ಇಮ್ಮಡಿ ಮಾಡಿದ. ಮರುವರ್ಷ ಸಮಿತಿ ಮತ್ತೆ ಬಂತು. ಅದೇ ಕುರ್ಚಿ ಹಾಕಿ ಈ ಸಲ ಪಕ್ಕದ ಮನೆಯವನನ್ನೇ ಕರೆಯಿತು. ಅವನು ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡು, ಎದೆಯುಬ್ಬಿಸಿ ಕುಳಿತ. ಬಾಯಿ ತೆರೆಯುವ ಮೊದಲು ಒಮ್ಮೆ ಹಿಂದೆ ತಿರುಗಿದ. ಕೇರಿಯವರೆಲ್ಲ ನಿಂತಿದ್ದರು. ಯಾರೂ ಅವನನ್ನು ನೋಡುತ್ತಿರಲಿಲ್ಲ. ಕುರ್ಚಿಯನ್ನು ನೋಡುತ್ತಿದ್ದರು.

ಅವನು ಕೊಳೆತ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ. "ನಮ್ಮ ಕೇರಿಯಲ್ಲಿ ಏನೂ ತೊಂದರೆಯಿಲ್ಲ ಸ್ವಾಮಿ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಸಂಕಣ್ಣ ಏನೋ ಹೇಳಲು ಬಾಯಿ ತೆರೆದ.

"ಹೊನ್ನಯ್ಯ ಎದ್ದು ಬಂದ ಕುರ್ಚಿ ಖಾಲಿಯಿದೆ ಸಂಕಣ್ಣ, ನಾಳೆ ಹೋಗಿ ನೀನು ಕೂರು."